ಗುರುವಾರದ ನೀರು

ಗುರುವಾರ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ಕರೆಂಟು ಇರುವುದಿಲ್ಲ. ಲೈನಿನ ದುರಸ್ತಿ ಎಂದು ಬೆಳಿಗ್ಗೆ ತೆಗೆದರೆ ಸಂಜೆಗೇ ಕೊಡುವುದು. ಪುಣೆಯ ನಮ್ಮ ಭಾಗದಲ್ಲಿ ಇದಕ್ಕೆ ಯಾರೂ ಗೊಣಗುವುದಿಲ್ಲ. ಸಣ್ಣಪುಟ್ಟ ಕಾರಖಾನೆ, ವರ್ಕ್‌ಶಾಪುಗಳು ವಾರದ ರಜೆಯನ್ನೇ ಗುರುವಾರಕ್ಕೆ ಇಟ್ಟುಕೊಂಡಿವೆ. ನಮ್ಮ ಸರ್ ಮಾತ್ರ ರಜೆ ಕೊಡುವ ಪೈಕಿ ಅಲ್ಲ. ಲ್ಯಾಬು ಅವರದು. “ಕರೆಂಟಿಲ್ಲದ ದಿನ ಮಷೀನಿನ ಮುಂದೆ ಕೂತು ನೊಣ ಹೊಡೆಯುವುದೇಕೆ? ಫೀಲ್ಡಿಗೆ ಹೋಗಿ ಸ್ಯಾಂಪಲ್ ತನ್ನಿ” ಎಂದು ಎಂದೋ ಒಂದು ನಿಯಮ ಮಾಡಿದ್ದರು. ಎಂಥ ಜಾಣ ನಿಯಮ ಎಂದು ನಾವೂ ತಲೆದೂಗಿದ್ದೆವು. ಆ ಚಳಿಗಾಲದ ಕೆಲಸ ದಾರಿ ತಪ್ಪಿದ್ದು ಅಲ್ಲಿಂದಲೇ.

ಕೆಲಸ ಕೊಟ್ಟವರು ಕೊಂಢವಾದ ಆಚೆ, ಗುಡ್ಡದ ಬುಡದಲ್ಲಿರುವ ಒಂದು ದೊಡ್ಡ ಹೌಸಿಂಗ್ ಸೊಸೈಟಿಯವರು. ಕಟ್ಟಡಗಳ ಹಿಂದೆ ಅವರದೊಂದು ಕೆರೆ ಇತ್ತು. ಕೆರೆ ಎಂದರೆ ದೊಡ್ಡ ಮಾತಾಯಿತು, ಹೊಂಡ ಎನ್ನಿ. ಹಳೆಯ ಕಲ್ಲುಗಣಿಯ ಗುಂಡಿಗೆ ಬಿಲ್ಡರ್ ಸುತ್ತ ಕಟ್ಟೆ ಕಟ್ಟಿ, ಬೆಂಚು ಹಾಕಿ, ಫ್ಲ್ಯಾಟಿನ ಬೆಲೆ ಏರಿಸಿಕೊಂಡಿದ್ದ. ಗುಡ್ಡದಿಂದ ಇಳಿಯುವ ಒಂದು ಸಣ್ಣ ಹಳ್ಳ ಅದಕ್ಕೆ ಬಂದು ಸೇರುತ್ತಿತ್ತು. ಹೊಂಡದ ಮೀನುಗಳು ಸಾಯುತ್ತಿದ್ದವು. ಯಾಕೆ ಎಂದು ಹೇಳುವುದು ನಮ್ಮ ಕೆಲಸ.

ಸೊಸೈಟಿಯ ಚೇರಮನ್‌ರು ನಿವೃತ್ತ ಎಂಜಿನಿಯರು, ಮಾತು ಕಡಿಮೆ, ಇಸ್ತ್ರಿ ಅಂಗಿ. ಆ ಮೀನುಮರಿಗಳನ್ನು ತಂದು ಬಿಟ್ಟವರು ಅವರೇ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಚುರುಮುರಿ ಹಾಕುತ್ತಿದ್ದವರೂ ಅವರೇ. ಮೊದಲ ದಿನ ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋಗಿ, ಹೊಟ್ಟೆ ಮೇಲಾಗಿ ತೇಲುತ್ತಿದ್ದ ಅಂಗೈಯಗಲದ ಒಂದು ಮೀನನ್ನು ತೋರಿಸಿದರು. ಆಮೇಲೆ ಹಳ್ಳದ ಮೇಲ್ಭಾಗಕ್ಕೆ ಕೈ ಮಾಡಿ, “ಅಲ್ಲಿ ತಗಡಿನ ಪತ್ರಾ ಶೆಡ್ಡುಗಳಿವೆ, ಕೂಲಿಯವರದು. ಎಲ್ಲ ಅಲ್ಲಿಂದಲೇ ಬರುತ್ತದೆ. ನೀವು ಬರೆದು ಕೊಡಿ, ವಾರ್ಡ್ ಆಫೀಸಿನಿಂದ ತೆಗೆಸುತ್ತೇನೆ” ಎಂದು ಮರಾಠಿಯಲ್ಲಿ ಹೇಳಿದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ದುಃಖವಿತ್ತು. ಮನುಷ್ಯ ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಹಳ್ಳದ ಗುಂಟ ಮೇಲಕ್ಕೆ ನಡೆದೆ. ಎಲ್ಲಕ್ಕೂ ಮೇಲೆ ಗುಡ್ಡದ ಕುರುಚಲು, ಮೇಕೆ ಮೇಯುವ ಜಾಗ. ಅದರ ಕೆಳಗೆ ಒಂದು ರೆಡಿಮಿಕ್ಸ್ ಪ್ಲಾಂಟು. ಸಿಮೆಂಟು, ಜಲ್ಲಿ, ನೀರು ಕಲಸಿ ದೊಡ್ಡ ಡ್ರಮ್ಮಿನ ಲಾರಿಗಳಲ್ಲಿ ಸೈಟುಗಳಿಗೆ ಕಳಿಸುತ್ತಾರಲ್ಲ, ಅದು. ಅದರ ಕೆಳಗೆ, ಅದೇ ಜಮೀನಿನ ಅಂಚಿನಲ್ಲಿ, ಪ್ಲಾಂಟಿನ ಕೆಲಸದವರ ಶೆಡ್ಡುಗಳು. ಆಮೇಲೆ ಸೊಸೈಟಿಯ ಹುಲ್ಲುಹಾಸು, ಹೊಂಡ. ಪ್ರತಿ ಜಾಗದ ಕೆಳಗೂ ಒಂದೊಂದು ಕಡೆ ನೀರು ತೆಗೆಯುವುದು ಎಂದು ಗೊತ್ತುಮಾಡಿದೆ. ಯಾರ ಜಮೀನು ದಾಟಿದ ಮೇಲೆ ನೀರಿಗೆ ಏನು ಸೇರಿತು ಎಂದು ತಿಳಿಯುವುದಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಮೊದಲ ಗುರುವಾರ ಶೆಡ್ಡುಗಳ ಕೆಳಗೆ ಹಳ್ಳದ ದಂಡೆ ಜಾತ್ರೆಯಾಗಿತ್ತು. ಬಟ್ಟೆ ಒಗೆಯುವವರು, ಪಾತ್ರೆ ತಿಕ್ಕುವವರು, ಮಕ್ಕಳ ತಲೆ ತೊಳೆಯುವವರು. ನಾನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಾಟಲಿ ತೊಳೆಯುತ್ತಿದ್ದೆ. ತುಂಬುವ ಮೊದಲು ಅದೇ ನೀರಿನಿಂದ ಮೂರು ಸಲ ಕಲಕಿ ಚೆಲ್ಲಬೇಕು. ಎಷ್ಟು ವರ್ಷವಾದರೂ ಎಣಿಕೆ ಮಾತ್ರ ನನಗೆ ಬಾಯಿಬಿಟ್ಟೇ ಆಗಬೇಕು, ಅದೂ ಕನ್ನಡದಲ್ಲಿ. “ಒಂದು, ಎರಡು, ಮೂರು” ಎಂದೆ. ಪಕ್ಕದಲ್ಲಿ ಸೀರೆ ಹಿಂಡುತ್ತಿದ್ದ ಹೆಂಗಸು ಹಿಂಡುವುದನ್ನು ಬಿಟ್ಟು ತಿರುಗಿದಳು.

“ನಮ್ ಕಡ್ಯಾರೇನ್ರಿ?”

“ಬಾಗಲಕೋಟಿ ಕಡ್ಯಾರು. ಈಗ ಧನಕವಡ್ಯಾಗ ಇರ್ತೀನಿ. ನಿಮ್ಮೂರು ಯಕ್ಕಾ?”

“ಶಹಾಪುರದ ಬಾಜೂಕ ರೀ. ಇಲ್ಲಿ ಎಲ್ಲಾ ನಮ್ಮ ಮಂದೀನ ಅದಾರ. ನೀವೇನ್ರಿ ಅಕ್ಕೋರ, ನೀರು ಮಾರ್ತೀರೇನು?”

ನನಗಿಂತ ಚಿಕ್ಕವಳೇ ಇದ್ದಾಳು. ಆದರೂ ನಾನು ಯಕ್ಕಾ ಎಂದೆ, ಅವಳು ಅಕ್ಕೋರ ಎಂದಳು, ಇಬ್ಬರೂ ಅಕ್ಕಂದಿರಾದೆವು. ದಂಡೆಯ ಮೇಲೆ ಅವಳದೊಂದು ಪುಂಡಿಪಲ್ಯದ ಮಡಿ ಇತ್ತು, ಚಾಪೆ ಹಾಸುವಷ್ಟು ಜಾಗ. ಆ ದಿನ ಹೊರಡುವಾಗ ಒಂದು ಸಿವುಡು ಕಿತ್ತು ನನ್ನ ಐಸ್ ಡಬ್ಬಿಯ ಮೇಲಿಟ್ಟಳು. ಪುಣೆಯ ಮಂಡಿಯಲ್ಲೂ ಈ ಸೊಪ್ಪು ಅಂಬಾಡಿ ಎಂಬ ಹೆಸರಿನಲ್ಲಿ ಸಿಗುತ್ತದೆ, ಆದರೆ ಈ ಹುಳಿ ಬೇರೆ. ಮನೆಯಲ್ಲಿ ಜೋಳದ ನುಚ್ಚು ಹಾಕಿ ಕುದಿಸಿ ತಿಂದೆ.

ಲ್ಯಾಬಿನ ಫಲಿತಾಂಶ ಗುರುವಾರದಿಂದ ಗುರುವಾರಕ್ಕೆ ಅಚ್ಚೊತ್ತಿದಂತೆ ಬಂತು. ಗುಡ್ಡದ ನೀರು ಚೊಕ್ಕ. ಪ್ಲಾಂಟಿನ ಕೆಳಗಿನ ನೀರೂ ಹೆಚ್ಚುಕಡಿಮೆ ಅದೇ. ಉಪ್ಪಿನಂಶ ಸ್ವಲ್ಪ ಜಾಸ್ತಿ, ಕಲ್ಲುಗಳ ಮೇಲೆ ಬೂದು ಬಣ್ಣದ ಹಕ್ಕಳೆ. ಈ ಕರಿಕಲ್ಲಿನ ನಾಡಿನಲ್ಲಿ ಸುಣ್ಣ ಕಟ್ಟುವುದು ಹೊಸದಲ್ಲ, ನಾನು ಅದನ್ನು ಉಗುರಿನಿಂದ ಕೆರೆದು ನೋಡಿ ಬಿಟ್ಟೆ. ಶೆಡ್ಡುಗಳ ಕೆಳಗೆ ಎಲ್ಲವೂ ಬದಲು. ಸೋಪಿನ ನೊರೆಯ ರಂಜಕ, ಕಕ್ಕಸಿನ ಅಮೋನಿಯಾ. ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಲು ದಂಡೆಯಲ್ಲೇ ಎರಡು ದ್ರಾವಣ ಹಾಕುತ್ತೇವೆ. ಆಮ್ಲಜನಕ ಇದ್ದರೆ ಬಾಟಲಿಯಲ್ಲಿ ಕಂದು ಕೆಸರು ಕೂಡುತ್ತದೆ, ಇಲ್ಲದಿದ್ದರೆ ಬಿಳಿ. ಶೆಡ್ಡುಗಳ ಕೆಳಗೆ ಮಾಸಲು ಬಿಳಿ ಕೂತಿತು. ಹೊಂಡದ ಬಾಯಿಗೆ ಬರುವಷ್ಟರಲ್ಲಿ ಕೆಸರು ಮತ್ತೆ ಕಂದಾಗುತ್ತಿತ್ತು, ಅಮೋನಿಯಾ ಮಾತ್ರ ಇನ್ನೂ ಒಂದು ಮೆಟ್ಟಿಲು ಏರಿತ್ತು. ಅದೂ ಮೇಲಿನದೇ ಇಳಿದು ಬಂದದ್ದು ಎಂದು ಎಣಿಸಿದೆವು. ಚೇರಮನ್‌ರು ಹೇಳಿದ್ದೇ ಸರಿ ಎನ್ನುವಂತೆ ಕಾಣುತ್ತಿತ್ತು. ಸರ್ ವರದಿಯ ಕರಡು ಟೈಪು ಮಾಡಿಸತೊಡಗಿದರು.

ನಮ್ಮ ಕೆಲಸ ಏನೆಂದು ಆ ಹೊತ್ತಿಗೆ ಶೆಡ್ಡಿನವರಿಗೂ ತಿಳಿದಿತ್ತು. ಸಂಕ್ರಾಂತಿಗೆ ಮುಂಚಿನ ಗುರುವಾರ ಅಕ್ಕ ನನ್ನ ಪಕ್ಕದ ಕಲ್ಲಿನ ಮೇಲೆ ಬಂದು ಕೂತಳು. ಅವಳ ಸೋದರಮಾವನ ಮಗ ಪುಣೆಯ ಆಚೆ ತುದಿಯ ನಿಗಡಿಯಲ್ಲಿದ್ದ. ಅಲ್ಲಿ ಒಂದು ಬಿಲ್ಡಿಂಗಿಗೆ ವಾಚ್‌ಮನ್ ಬೇಕಾಗಿತ್ತು, ಅವಳ ಗಂಡನಿಗಾಗಿ ಮಾತಾಡಿಟ್ಟಿದ್ದ. ಜಿನೆಯ, ಎಂದರೆ ಮೆಟ್ಟಿಲಿನ, ಕೆಳಗೆ ಒಂದು ಖೋಲಿ ಕೊಡುತ್ತಾರೆ. ಹೋಳಿಯ ತನಕ ಕಾಯುತ್ತಾರಂತೆ.

“ಖೋಲಿ ಒಳಗ ನಳ ಅದ ರೀ ಅಕ್ಕೋರ” ಎಂದಳು. “ಒಳಗ! ತಿರುವಿದ್ರ ನೀರು. ನಾ ಹುಟ್ಟಿದಾಗಿಂದ ಮನಿ ಒಳಗ ನಳ ನೋಡಿಲ್ಲ.”

“ಮತ್ತ ಹೋಗ್ರಿ ಯಕ್ಕಾ. ಯಾಕ ತಡ?”

“ಹೋಗ್ತಿದ್ದೆ ರೀ. ಈ ಮಾತು ಬರದಿದ್ರ ಹೋಗೇ ಬಿಡ್ತಿದ್ದೆ. ಈಗ ಹೋದ್ರ ಮಂದಿ ಏನಂತಾರ? ಹೊಲಸು ಮಾಡಿ ಓಡಿಹೋದ್ರು ಅಂತಾರ. ಇವರನ್ನೆಲ್ಲಾ ಸಿಗಸಿ ನಾವು ಜಾರಿದ್ವಿ ಅಂತ ನಮ್ಮಂದಿ ಅಂತಾರ.” ನನ್ನ ಬಾಟಲಿಯ ಕಡೆ ಕೈ ಮಾಡಿ, “ನೀವ ಹೇಳ್ರಿ. ನಮ್ಮ ನೀರಿಗೇ ಮೀನು ಸಾಯ್ತಿದ್ರ ಇಲ್ಲಿ ಯಾರೂ ಇರೂದು ಸುಳ್ಳು, ಎಲ್ಲಾರಿಗೂ ಹೇಳಿ ನಾ ನಿಗಡಿಗೆ ಹೋಗ್ತೀನಿ. ಅಲ್ಲಂದ್ರ, ಇಲ್ಲೇ ಇರ್ತೀನಿ. ನಮ್ಮ ಮಂದಿ ಬಿಟ್ಟು ಆ ಜಿನೇದ ಬುಡಕ ಒಬ್ಬಾಕಿ ಹೆಂಗ ಇರ್ಲಿ?” ಎಂದಳು.

ಪೂರ್ತಿ ನೋಡದೆ ಹೇಳಲಾರೆ ಎಂದೆ. ನಿಜ ಹೇಳಬೇಕೆಂದರೆ ಆಗ ನನ್ನ ಮನಸ್ಸು ತೀರ್ಪು ಕೊಟ್ಟಾಗಿತ್ತು.

ಮರುವಾರ ಸಂಕ್ರಾಂತಿ ಗುರುವಾರವೇ ಬಂತು. ಸರ್ ಎಳ್ಳುಬೆಲ್ಲದ ದಿನ ಧಾರಾಳಿಯಾದರು, ರಜೆ ಕೊಟ್ಟರು. ಫೀಲ್ಡಿನ ಕೆಲಸ ಶುಕ್ರವಾರಕ್ಕೆ ಹೋಯಿತು. ಅಷ್ಟೇ ನಡೆದದ್ದು. ಯಾರ ಜಾಣತನವೂ ಇದರಲ್ಲಿಲ್ಲ.

ಶುಕ್ರವಾರ ಪ್ಲಾಂಟಿನ ಕೆಳಗೆ ಪಿಎಚ್ ಮೀಟರಿನ ಗಾಜಿನ ತುದಿಯನ್ನು ನೀರಿಗೆ ಇಳಿಸಿದೆ. ಪಿಎಚ್ ಎಂದರೆ ನೀರು ಹುಳಿಯೋ ಸುಣ್ಣದ ಗುಣದ್ದೋ ಎನ್ನುವ ಅಳತೆ. ಏಳು ನಡುವೆ, ಇಲ್ಲಿನ ಹಳ್ಳಗಳು ಎಂಟರ ಆಸುಪಾಸು. ಅಂಕಿ ಒಂಬತ್ತು ದಾಟಿತು, ಹತ್ತು ದಾಟಿತು, ಹನ್ನೊಂದರ ಮೇಲೆ ಹೋಗಿ ನಿಂತಿತು. ನಾನು ಮೀಟರಿಗೆ ಬೈದೆ. ಗಾಜಿನ ತುದಿ ಹಳೆಯದಾಗಿತ್ತು, ಹೊಸದು ಕೊಡಿಸಿ ಎಂದು ಸರ್‌ಗೆ ಗೋಗರೆದು ಸಾಕಾಗಿತ್ತು. ಕಲ್ಲಿನ ಮೇಲೆ ಕೂತು ಏಳರ ದ್ರಾವಣ, ಹತ್ತರ ದ್ರಾವಣ ಎರಡರಲ್ಲೂ ಅದ್ದಿ ಸರಿಮಾಡಿಕೊಂಡೆ. ಮೀಟರು ನೆಟ್ಟಗೇ ಇತ್ತು. ಮೇಲೆ ಗುಡ್ಡದ ನೀರಿಗೆ ಹೋಗಿ ಅಳೆದೆ, ಎಂಟು. ಕೆಳಗೆ ಬಂದೆ, ಮತ್ತೆ ಹನ್ನೊಂದು. ಕೊನೆಗೆ ಕಿಟ್ಟಿನಿಂದ ಫಿನಾಲ್ಫ್ತಲೀನ್ ತೆಗೆದು ಎರಡು ಹನಿ ಹಾಕಿದೆ. ಹೈಸ್ಕೂಲಿನಲ್ಲಿ ಎಲ್ಲರೂ ಮಾಡಿರುತ್ತೀರಿ, ಸುಣ್ಣದ ನೀರಿಗೆ ಹಾಕಿದರೆ ಗುಲಾಬಿಯಾಗುತ್ತದೆ. ಹಳ್ಳದ ನೀರು ಗುಲಾಬಿಯಾಯಿತು.

ಆಗ ತಲೆ ಎತ್ತಿ ನೋಡಿದೆ. ಪ್ಲಾಂಟಿನ ಗೇಟು ತೆರೆದಿತ್ತು, ಕಿವಿ ಕಿತ್ತುಹೋಗುವ ಸದ್ದು. ಅಂಚಿನಲ್ಲಿ ಒಂದು ಡ್ರಮ್ಮಿನ ಲಾರಿ ಹಳ್ಳಕ್ಕೆ ಬೆನ್ನು ಮಾಡಿ ನಿಂತಿತ್ತು. ಒಬ್ಬಾತ ಪೈಪು ಹಿಡಿದು ಡ್ರಮ್ಮಿನ ಒಳಗೆ ನೀರು ಹೊಡೆಯುತ್ತಿದ್ದ, ಬೂದು ನೀರು ಇಳಿಜಾರಿನಲ್ಲಿ ಹರಿದು ನನ್ನ ಕಾಲಬುಡಕ್ಕೆ ಬರುತ್ತಿತ್ತು. ಗುರುತು ಹಿಡಿದು ಕೈ ಎತ್ತಿದ. ಅಕ್ಕನ ಗಂಡ.

ಲ್ಯಾಬಿಗೆ ಬಂದು ಆಮ್ಲ ಹನಿಸಿ ಅಳೆದೆ. ಮಳೆಯ ನೀರು ಕಲ್ಲುಮಣ್ಣಿನಲ್ಲಿ ಹರಿದು ಪಡೆಯುವ ಕ್ಷಾರ ಬೇರೆ, ಹಸಿ ಸಿಮೆಂಟು ಕೊಡುವ ಕ್ಷಾರ ಬೇರೆ. ಎರಡನೆಯದು ಇಂಥ ಹಳ್ಳದ ನೀರಿನಲ್ಲಿ ತಾನಾಗಿ ಇರುವುದಿಲ್ಲ. ನನ್ನ ಬಾಟಲಿಯಲ್ಲಿ ಅದು ದಂಡಿಯಾಗಿತ್ತು. ಉಳಿದದ್ದು ಪಾಠ ಓದಿದ ಯಾರಿಗೂ ಹೊಳೆಯುವಂಥದ್ದು. ಅಮೋನಿಯಾ ನೀರಿನಲ್ಲಿ ಎರಡು ವೇಷ ಹಾಕುತ್ತದೆ. ಸಾಧಾರಣ ನೀರಿನಲ್ಲಿ ಬಹುಪಾಲು ಸಾಧುವೇಷ, ಮೀನು ತಾಳಿಕೊಳ್ಳುತ್ತದೆ. ಪಿಎಚ್ ಏರಿತೋ, ಅದೇ ಅಮೋನಿಯಾ ವೇಷ ಕಳಚಿ ಮೀನಿನ ಕಿವಿರು ಸುಡುತ್ತದೆ. ಶೆಡ್ಡುಗಳಿಂದ ಹೊಲಸು ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಆದರೆ ಮೀನು ಸಾಯಲು ಅದೊಂದೇ ಸಾಲದು, ಮೇಲಿನ ಸಿಮೆಂಟಿನ ನೀರು ಬಂದು ಕೂಡಬೇಕು.

ಹಾಗಾದರೆ ಇಷ್ಟು ದಿನ ಯಾಕೆ ಸಿಗಲಿಲ್ಲ? ಆ ಸಂಜೆ ಕಾತ್ರಜ ಚೌಕಿನ ಟ್ರಾಫಿಕ್ಕಿನಲ್ಲಿ ಸ್ಕೂಟರಿನ ಮೇಲೆ ಕೂತು ಹೊಗೆ ಕುಡಿಯುತ್ತಿದ್ದಾಗ ಉತ್ತರ ಸಿಕ್ಕಿತು. ಕರೆಂಟಿಲ್ಲವೆಂದು ನಾವು ಗುರುವಾರ ಹಳ್ಳಕ್ಕೆ ಹೋಗುತ್ತಿದ್ದೆವು. ಅದೇ ಕರೆಂಟಿಲ್ಲವೆಂದು ಪ್ಲಾಂಟು ಗುರುವಾರ ಬಂದ್. ಪ್ಲಾಂಟು ಬಂದ್ ಎಂದು ಶೆಡ್ಡಿನ ಮಂದಿಯೆಲ್ಲ ಗುರುವಾರ ಮನೆಯಲ್ಲಿ, ವಾರದ ಬಟ್ಟೆಯೆಲ್ಲ ಅಂದೇ ಹಳ್ಳಕ್ಕೆ. ಮಾಡುವವರು ಬಾಗಿಲು ಹಾಕಿಕೊಂಡ ದಿನ, ಬಡವರು ಮೈ ತೊಳೆಯುವ ದಿನ, ಅದನ್ನೇ ಆರಿಸಿಕೊಂಡು ನಾವು ನೀರು ಅಳೆದಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ. ಹಿಂದಿನ ಸ್ಕೂಟರಿನವನು ಹಾರ್ನು ಹೊಡೆದು ಹೊಡೆದು ಬೈದ ಮೇಲೆ ಮುಂದೆ ಹೋದೆ.

ಮರುದಿನ ಕರಡು ನನ್ನ ಮೇಜಿನ ಮೇಲಿತ್ತು. ನಾನು ಸಹಿ ಮಾಡುವುದಿಲ್ಲ, ವಾರದ ಬೇರೆ ದಿನಗಳಂದು ಇನ್ನಷ್ಟು ಸಲ ನೀರು ತೆಗೆಯಬೇಕು ಎಂದೆ.

“ಕಸ್ಟಮರ್ ಕೇಳಿದಷ್ಟು ರೌಂಡು ಮುಗಿದಿದೆ. ಹೆಚ್ಚಿಗೆ ಯಾರು ಕೇಳಿದರು?” ಎಂದರು ಸರ್. “ಒಂದು ಶುಕ್ರವಾರಕ್ಕಾಗಿ ಎಲ್ಲ ಗುರುವಾರ ಸುಳ್ಳೇ?”

“ಗುರುವಾರದ ಅಂಕಿ ಸುಳ್ಳಲ್ಲ ಸರ್. ಗುರುವಾರಕ್ಕೆ ಮಾತ್ರ ನಿಜ.”

“ಕೇಳಿದವರಿಗೆ ಬೇಕಾದದ್ದು ಅದರಲ್ಲಿದೆ.”

“ಸಹಿ ನನ್ನದು.”

ನಮ್ಮಲ್ಲಿ ಸಹಿಯಿಲ್ಲದೆ ವರದಿ ಬಾಗಿಲು ದಾಟುವುದಿಲ್ಲ. ಸರ್ ಕರಡನ್ನು ಎತ್ತಿ ಡ್ರಾಯರಿಗೆ ಹಾಕಿದರು. ಆಮೇಲೆ, ಮಾಡುವುದಾದರೆ ನಿನ್ನ ಸ್ಕೂಟರು, ನಿನ್ನ ಪೆಟ್ರೋಲು, ಗಾಡಿ ಕೇಳಬೇಡ ಎಂದರು. ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುವ ಜಾತಿ. ಆದರೂ ಅಷ್ಟಕ್ಕೆ ಒಪ್ಪಿದರಲ್ಲ, ಈಗಲೂ ನೆನೆಯುತ್ತೇನೆ. ಐಸ್ ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡು ಸೋಮವಾರ ಹೋದೆ, ಬುಧವಾರ ಹೋದೆ, ಶನಿವಾರ ಹೋದೆ. ಅಂಕಿಗಳು ಒಂದೇ ಮಾತು ಹೇಳಿದವು. ಸೈಟುಗಳಲ್ಲಿ ಸ್ಲ್ಯಾಬ್ ಹಾಕುವ ಶನಿವಾರವಂತೂ ಹೊಂಡದ ಬಾಯಿಯಲ್ಲೂ ಪಿಎಚ್ ಏರಿತ್ತು. ಅಲ್ಲಿ ಅಮೋನಿಯಾ ಹೆಚ್ಚುವುದರ ಗುಟ್ಟೂ ಸಿಕ್ಕಿತು. ಸೊಸೈಟಿಯ ಮಾಲಿ ಹುಲ್ಲುಹಾಸಿಗೆ ಯೂರಿಯಾ ಎರಚಿ ಧಾರಾಳವಾಗಿ ನೀರು ಬಿಡುತ್ತಿದ್ದ, ಆ ನೀರು ಸೀದಾ ಹಳ್ಳಕ್ಕೆ. ಕೊನೆಗೆ ನೋಡಿದರೆ ಹಳ್ಳದ ದಂಡೆಯಲ್ಲಿ ಕೈ ತೊಳೆಯದವರು ಗುಡ್ಡದ ಮೇಕೆಗಳು ಮಾತ್ರ.

ಉಪಾಯವೂ ಕಷ್ಟದ್ದಲ್ಲ. ಡ್ರಮ್ಮು ತೊಳೆದ ನೀರಿಗೆ ಎರಡು ಗುಂಡಿ ತೋಡಿ, ಸಿಮೆಂಟು ಕೂತ ಮೇಲೆ ತಿಳಿನೀರನ್ನು ಮತ್ತೆ ಕಾಂಕ್ರೀಟು ಕಲಸಲು ಬಳಸುವುದು. ಸಾಕಷ್ಟು ಪ್ಲಾಂಟುಗಳಲ್ಲಿ ಮಾಡುತ್ತಾರೆ. ಶೆಡ್ಡುಗಳಿಗೆ ಒಂದು ಸೆಪ್ಟಿಕ್ ಟ್ಯಾಂಕು. ಹುಲ್ಲಿಗೆ ಯೂರಿಯಾ ಬಂದ್. ಇಷ್ಟು ಮಾಡಿದರೆ ಮೀನೂ ಉಳಿಯುತ್ತವೆ, ಮಂದಿಯೂ ಉಳಿಯುತ್ತಾರೆ. ಅದನ್ನೆಲ್ಲ ವರದಿಯ ಕೊನೆಗೆ, ನಮ್ಮ ಪದ್ಧತಿಯಂತೆ, ಸಲಹೆಗಳು ಎಂಬ ತಲೆಬರಹದಲ್ಲಿ ಬರೆದೆ. ಆ ದಿನಗಳಲ್ಲಿ ನನ್ನಷ್ಟು ಖುಷಿಯಾಗಿದ್ದವರು ಪುಣೆಯಲ್ಲಿ ಯಾರೂ ಇದ್ದಿರಲಾರರು.

ಆ ಖುಷಿಯಲ್ಲೇ ಅಕ್ಕನ ಶೆಡ್ಡಿಗೆ ಹೋದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಟ್ಟೆಗೆ ಹಾಕಿ ಕೊಟ್ಟಳು, ಮೇಲೆ ಪುಂಡಿಪಲ್ಯ. ಬಾಯಲ್ಲಿ ತುತ್ತು ಇರುವಾಗಲೇ ಹೇಳಿದೆ, ಮೀನು ಸಾಯಲು ನೀವು ಕಾರಣವಲ್ಲ, ಮೇಲಿನ ಸಿಮೆಂಟಿನ ನೀರು ಕಾರಣ.

ರೊಟ್ಟಿ ಬಡಿಯುವ ಕೈ ನಿಂತಿತು. “ಅಂದ್ರ, ನಮ್ಮನಿಯವರು ತೊಳಿತಾರಲ್ಲ, ಅದ?”

“ಅವರದೇನು ತಪ್ಪು ಯಕ್ಕಾ? ಮಾಲಕ ಎಲ್ಲಿ ತೊಳಿ ಅಂತಾನೋ ಅಲ್ಲಿ ತೊಳಿತಾರ. ಎರಡು ಗುಂಡಿ ತೋಡಿದ್ರ ಮುಗೀತು.”

“ತೋಡ್ತಾರೇನ್ರಿ?”

“ತೋಡಲೇಬೇಕು. ನಾ ಬರ್ದೀನಿ.”

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಅದನ್ನೇ ನೋಡುತ್ತ ಕೇಳಿದಳು. “ಹಂಗಾರ ನಿಗಡೀದು ಬ್ಯಾಡ ಅನ್ಲೇನ್ರಿ? ಇರಾಣೋ ಹೋಗಾಣೋ, ನೀವು ಕಲತವರು, ಒಂದು ಮಾತು ಹೇಳ್ರಿ.”

“ಇರ್ರಿ” ಎಂದೆ.

ಒಂದು ಸಲ ಹೇಳಿ ಸುಮ್ಮನಾಗಲಿಲ್ಲ ನಾನು. ಯಾರೂ ನಿಮ್ಮನ್ನು ಅಲ್ಲಾಡಿಸುವುದಿಲ್ಲ, ನಿಶ್ಚಿಂತಿ ಇರ್ರಿ ಎಂದೂ ಸೇರಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು, ಇನ್ನೊಂದು ರೊಟ್ಟಿ ಬಲವಂತವಾಗಿ ಹಾಕಿದಳು. ನನ್ನ ಎದುರಿಗೇ ಗಂಡನ ಕೈಯಿಂದ ನಿಗಡಿಗೆ ಫೋನು ಮಾಡಿಸಿದಳು.

ಸೊಸೈಟಿಯ ಮೀಟಿಂಗು ಅವರ ಕ್ಲಬ್‌ಹೌಸಿನಲ್ಲಿ. ಗುರುವಾರದ ಕಥೆಯಿಂದ ಹಿಡಿದು ಯೂರಿಯಾದ ತನಕ ಒಂದೂ ಬಿಡದೆ ಹೇಳಿದೆ. ಚೇರಮನ್‌ರು ಕೊನೆಯತನಕ ಅಲುಗಲಿಲ್ಲ. ಆಮೇಲೆ ಎದ್ದು ನಿಂತು, “ನಾನು ಆ ಜನರ ಮೇಲೆ ತಪ್ಪು ಹೊರಿಸಿದ್ದೆ” ಎಂದು ಎಲ್ಲರ ಮುಂದೆ ಹೇಳಿದರು. ಎಂಜಿನಿಯರು ಅಲ್ಲವೇ, ಅಂಕಿ ಸರಿಯಿದ್ದರೆ ತಲೆಬಾಗುವ ಮನುಷ್ಯ. ನನ್ನ ಕಣ್ಣು ತುಂಬಿ ಬಂತು. ಯೂರಿಯಾ ಅಂದೇ ನಿಂತಿತು. ಪ್ಲಾಂಟಿನ ವಿಷಯ ತಮಗೆ ಬಿಡಿ ಎಂದರು.

ಅವರು ಮಾಡುವುದನ್ನು ಅಚ್ಚುಕಟ್ಟಾಗಿ ಮಾಡುವವರು. ನನ್ನ ಫಲಿತಾಂಶದ ಪುಟಗಳನ್ನು ಜೋಡಿಸಿ ಕಳಿಸಬೇಕಾದ ಎಲ್ಲ ಕಚೇರಿಗಳಿಗೂ ದೂರು ಕಳಿಸಿದರು. ಸಲಹೆಗಳ ಪುಟ ಜೋಡಿಸಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ದೂರಿಗೆ ಪುರಾವೆ ಬೇಕು, ಸಲಹೆ ಯಾಕೆ ಎಂದುಕೊಂಡರು, ಅಷ್ಟೇ. ತೊಳೆಯುವುದನ್ನು ಕೂಡಲೇ ನಿಲ್ಲಿಸಬೇಕೆಂದು ಪ್ಲಾಂಟಿಗೆ ನೋಟಿಸು ಹೋಯಿತು. ಪ್ಲಾಂಟಿನ ಜಮೀನು ಬಾಡಿಗೆಯದು ಎಂದು ನನಗೆ ಗೊತ್ತಾದದ್ದು ಆಗಲೇ. ಸುತ್ತ ಬಿಲ್ಡಿಂಗು ಎದ್ದು ಅದಕ್ಕೆ ಬಂಗಾರದ ಬೆಲೆ ಬಂದಿತ್ತು, ಜಮೀನಿನ ಯಜಮಾನ ನೆವಕ್ಕಾಗಿ ಕಾಯುತ್ತಿದ್ದ. ಪ್ಲಾಂಟಿನವನಿಗೂ ಇಲ್ಲಿ ಗುಂಡಿ ತೋಡಿ ಜಗಳ ಕಾಯುವುದಕ್ಕಿಂತ ಗಂಟುಮೂಟೆ ಕಟ್ಟುವುದು ಸುಲಭವಾಯಿತು. ಊರ ಹೊರಗೆ ಎಲ್ಲೋ ಹೊಸ ಜಾಗ ಹಿಡಿದ. ಅಲ್ಲಿ ಡ್ರಮ್ಮು ತೊಳೆಯುವುದು ಯಂತ್ರವಂತೆ. ಪೈಪು ಹಿಡಿಯುವವರು ಬೇಡವಾದರು.

ಹೋಳಿ ಮುಗಿದ ಮರುವಾರ ಅಕ್ಕನ ಗಂಡನ ಫೋನು ಬಂತು, ಶೆಡ್ಡು ಕೀಳಲಾಕತ್ತಾರ್ರಿ ಎಂದು. ಕೆಲಸ ಬಿಟ್ಟು ಓಡಿದೆ. ಪತ್ರಾಗಳನ್ನು ಬಿಚ್ಚಿ ಒಂದರ ಮೇಲೊಂದು ಪೇರಿಸಿದ್ದರು. ಅಕ್ಕ ಪಾತ್ರೆಗಳನ್ನು ಕೊಡದಲ್ಲಿ ತುರುಕಿ ಸೀರೆಯಲ್ಲಿ ಕಟ್ಟುತ್ತಿದ್ದಳು.

“ನಿಗಡಿಗೆ ಕೇಳಿದ್ರೇನು ಯಕ್ಕಾ?”

“ಕೇಳಿದ್ವಿ ರೀ. ಬ್ಯಾರೆ ಮಂದಿ ಬಂದಾರಂತ. ನಾವ ಬ್ಯಾಡ ಅಂದಿದ್ವೆಲ್ಲ.”

ಚೇರಮನ್‌ರಿಗೆ ಫೋನು ಹಚ್ಚಿದೆ. ಅವರೂ ಬಂದರು, ಅದೇ ಇಸ್ತ್ರಿ ಅಂಗಿ. ಪೇರಿಸಿದ ಪತ್ರಾಗಳನ್ನು ನೋಡಿ, “ಇವರನ್ನು ತೆಗೆಯಿರಿ ಎಂದು ನಾನು ಬರೆಯಲಿಲ್ಲವಲ್ಲ, ಮೇಡಂ” ಎಂದರು. ಬರೆದಿರಲಿಲ್ಲ, ನಿಜ. ಜಮೀನಿನ ಯಜಮಾನನ ಜೊತೆ ಮಾತಾಡಿ ನೋಡಿದರು, ಆಗಲಿಲ್ಲ. ನಾನು ನಾಲ್ಕು ಕಡೆ ಫೋನು ಮಾಡಿದೆ, ಅದೂ ಆಗಲಿಲ್ಲ. ಸಂಜೆ ಟೆಂಪೋ ಬಂತು. ಅಕ್ಕ ಹತ್ತುವ ಮೊದಲು ಮಡಿಯ ಕಡೆ ಹೋಗಿ ಒಂದು ಸಿವುಡು ಪುಂಡಿ ಕಿತ್ತು ತಂದು ನನ್ನ ಕೈಗೆ ಕೊಟ್ಟಳು. ಕೈ ಬೇಡವೆನ್ನಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ. ಅವಳೇ ಬೆರಳು ಮಡಚಿ ಹಿಡಿಸಿದಳು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬಂದ ಬುದ್ಧಿ ಏನು ಎಂದು ಈಗಲೂ ಸರಿಯಾಗಿ ಹೇಳಲಾರೆ. ಸಹಿ ಮಾಡದೆ ನಿಂತದ್ದು ತಪ್ಪೆಂದು ನನಗೆ ಒಂದು ಗಳಿಗೆಯೂ ಅನ್ನಿಸಿಲ್ಲ. ಗುರುವಾರದ ಅಂಕಿ ಕೊಟ್ಟಿದ್ದರೂ ಶೆಡ್ಡಿನವರು ಏಳಬೇಕಾಗುತ್ತಿತ್ತು, ಕೊಡದಿದ್ದರೂ ಎದ್ದರು. ಆದರೆ ಗುರುವಾರದ ಅಂಕಿ ಕೊಟ್ಟಿದ್ದರೆ ಅವಳು ಹೋಳಿಯ ಮೊದಲೇ ನಿಗಡಿ ಸೇರಿರುತ್ತಿದ್ದಳು. ನಳ ತಿರುವುತ್ತಿದ್ದಳು. ನೀರಿನ ವಿಷಯ ಕೇಳಿದ್ದರೆ ನಾನು ಹೇಳಬಲ್ಲೆ, ಅದು ನನ್ನ ಕಸುಬು. ಅವಳು ಕೇಳಿದ್ದು ಜಮೀನಿನ ವಿಷಯ, ಮಾಲಕನ ವಿಷಯ. ಅಲ್ಲಿ ನನಗೆ ಗೊತ್ತಿಲ್ಲ ಯಕ್ಕಾ ಎನ್ನಬೇಕಾಗಿತ್ತು. ಕನ್ನಡದಲ್ಲಿ ಕೇಳಿದಳೆಂದು, ರೊಟ್ಟಿ ಕೊಟ್ಟಳೆಂದು, ಇರ್ರಿ ಎಂದುಬಿಟ್ಟೆ. ಆ ಸಂಕಟ ಹೋಗುವುದಿಲ್ಲ.

ಮಳೆಗಾಲ ಕಳೆದ ಮೇಲೆ ಸೊಸೈಟಿಯವರು ಮತ್ತೊಮ್ಮೆ ಕರೆದರು, ಈಗ ನೀರು ಹೇಗಿದೆ ನೋಡಿ ಎಂದು. ಬೇಕೆಂದೇ ಮಂಗಳವಾರ ಹೋದೆ. ಪ್ಲಾಂಟಿದ್ದ ಜಾಗಕ್ಕೆ ಪತ್ರಾದ ಬೇಲಿ ಬಂದಿತ್ತು, ಒಳಗೆ ಜೇಸಿಬಿ ನೆಲ ಸಮ ಮಾಡುತ್ತಿತ್ತು. ಮೇಲೆ ಎಂಟು, ಕೆಳಗೆ ಎಂಟು. ಬಾಟಲಿಯಲ್ಲಿ ಕಡು ಕಂದು ಕೆಸರು ಕೂತಿತು. ಹೊಂಡದ ಬಾಯಿಯಲ್ಲಿ ಬೆರಳುದ್ದದ ಮರಿಗಳು ನನ್ನ ನೆರಳಿಗೆ ಚದುರಿ ಮತ್ತೆ ಕೂಡಿದವು. ಇಷ್ಟು ಒಳ್ಳೆಯ ಅಂಕಿಗಳನ್ನು ಊರೊಳಗಿನ ಯಾವ ಹಳ್ಳದಲ್ಲೂ ನಾನು ಬರೆದುಕೊಂಡಿಲ್ಲ.

ದಂಡೆಯ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದೆ. ವಾಘೋಲಿಯ ಕಡೆ ಒಂದು ಸೈಟಿನಲ್ಲಿದ್ದರು. ನೀರಿಗೆ ಟ್ಯಾಂಕರು, ಅದೂ ದಿನಬಿಟ್ಟು ದಿನ. ಹಿಂದೆ ಕೊಡಗಳ ಸದ್ದು, ಹೆಂಗಸರ ಜಗಳ ಕೇಳುತ್ತಿತ್ತು.

“ಎಲ್ಲಿ ಅದೀರಿ ಅಕ್ಕೋರ?”

“ಹಳ್ಳದಾಗ ಯಕ್ಕಾ. ಹಳೇ ಜಾಗಾದಾಗ.”

“ಹೌದ್ರಿ?” ಎಂದಳು, ಧ್ವನಿ ಅರಳಿತು. “ನೀರು ಹೆಂಗದ ರೀ ಈಗ?”

“ಚಲೋ ಆಗ್ಯದ.”

“ಮೀನು?”

“ಬಂದಾವ. ಮರಿ ಭಾಳ ಅದಾವ.”

“ಬರ್ಲಿ ರೀ, ಪಾಪ. ಆ ಮೀನಿನ ಅಜ್ಜಗ ಖುಷಿ ಆಗಿರ್ಬೇಕು.” ಯಾರಿಗೋ ಸಾಲು ಬಿಡಬೇಡ ಎಂದು ಕೂಗಿ ಮತ್ತೆ ಫೋನಿಗೆ ಬಂದಳು. “ಅಕ್ಕೋರ, ಮಡ್ಯಾಗ ಪುಂಡಿ ಬೀಜ ಉದುರಿತ್ತು, ಮಳಿಗಿ ತಾನಾಗೇ ಎದ್ದಿರ್ತದ ನೋಡ್ರಿ. ಕಿತ್ಕೊಂಡು ಹೋಗ್ರಿ. ಬಲಿತ್ರ ನಾರಾಗ್ತದ, ಬಾಯಾಗ ಇಡಾಕ ಬರಂಗಿಲ್ಲ.”

ನಾನು ಮಡಿ ಇದ್ದ ಕಡೆ ನೋಡಿದೆ. ಜೇಸಿಬಿ ತಳ್ಳಿದ ಕೆಂಪು ಮುರುಮು ಮಣ್ಣು ದಂಡೆಯ ತನಕ ಬಂದು ಮಡಿಯನ್ನು ಮುಚ್ಚಿ ಬಿದ್ದಿತ್ತು.

“ಎದ್ದಾವೇನ್ರಿ?” ಎಂದು ಕೇಳಿದಳು.

“ಎದ್ದಾವ ಯಕ್ಕಾ” ಎಂದೆ. “ಕಿತ್ಕೊಂಡು ಹೋಗ್ತೀನಿ.”